ಸೀಸೆಯ ತಳದಲ್ಲಿ ಉಳಿದ ಶ್ರೀಗಂಧ

ಸುಗಂಧವನ್ನು ಕುರಿತ ನಮ್ಮ ಮಾತುಕತೆಯ ಕಾರ್ಯಕ್ರಮ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ತಂದವು. ಅತಿಥಿಗಳಾಗಿದ್ದ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದರು. ಕಾಗದದ ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ, ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿಕೊಂಡರು. ನಿರೂಪಕಿಯೂ ಮೂಸಿ ನೋಡಿ "ಅಬ್ಬಾ!" ಎಂದರು. ಅಷ್ಟರಲ್ಲಿ ಅರ್ಧ ಗಂಟೆ ಮುಗಿದುಹೋಯಿತು. "ನೀವು ನೀವೇ ಮೂಸಿಕೊಂಡಿರಿ, ಸಂತೋಷ. ಅದು ಎಂಥ ವಾಸನೆ ಎಂದು ನಮಗೆ ಹೇಳುವವರು ಯಾರು?" ಎಂದು ಹೊಳಲ್ಕೆರೆಯ ವೀಕ್ಷಕರೊಬ್ಬರು ಕೇಳಿದ್ದಾರೆ. ಚಿತ್ರದುರ್ಗದ ಕಾಲೇಜು ವಿದ್ಯಾರ್ಥಿನಿಯೊಬ್ಬರಿಗೆ ಆ ಸೀಸೆ ಎಲ್ಲಿ ಸಿಗುತ್ತದೆಂದು ತಿಳಿಯಬೇಕು. ಹಿರಿಯೂರಿನಿಂದ ಬಂದ ಪತ್ರದ ಪ್ರಶ್ನೆ ಬೇರೆ: "ಫ್ರಾನ್ಸಿನ ಆ ಸೆಂಟಿನಲ್ಲಿ ನಮ್ಮ ಕಡೆಯ ಮರ ಇದೆ ಎಂದರಲ್ಲ, ಅದು ನಿಜವೇ, ಅಥವಾ ಅಭಿಮಾನದ ಮಾತೇ?"

ಮೂರೂ ನ್ಯಾಯವಾದ ಪ್ರಶ್ನೆಗಳೇ. ಕ್ಯಾಮೆರಾ ಬಣ್ಣ ಹಿಡಿಯುತ್ತದೆ, ಮೈಕು ದನಿ ಹಿಡಿಯುತ್ತದೆ. ವಾಸನೆಗೆ ಇನ್ನೂ ಯಾರೂ ಉಪಕರಣ ಕೊಟ್ಟಿಲ್ಲ. ನಿರ್ಮಾಪಕನಾದ ನಾನು ಅದನ್ನು ಮೊದಲೇ ಯೋಚಿಸಬೇಕಾಗಿತ್ತು. ಪರದೆಯ ಮೇಲೆ ಹೇಳಲಾಗದೆ ಉಳಿದದ್ದನ್ನು ಈ ಪುಟಗಳಲ್ಲಿ ಹೇಳುವುದೇ ಈಗ ಉಳಿದಿರುವ ದಾರಿ.

ಸೀಸೆಯ ಮೇಲಿದ್ದ ಹೆಸರು '1000'. ಫ್ರೆಂಚ್ ಭಾಷೆಯಲ್ಲಿ 'ಮಿಲ್', ಅಂದರೆ ಸಾವಿರ. ಪ್ಯಾರಿಸ್ಸಿನ ಝಾನ್ ಪಾತೂ ಸಂಸ್ಥೆ 1972ರಲ್ಲಿ ಇದನ್ನು ಹೊರತಂದಿತು. ನಮ್ಮ ಮೇಷ್ಟ್ರಿಗೆ ಇದನ್ನು ಕೊಟ್ಟವರು 1980ರ ದಶಕದಲ್ಲಿ ಪ್ಯಾರಿಸ್ಸಿಗೆ ಹೋಗಿ ಬಂದ ಅವರ ಭಾವಮೈದುನ. ಶ್ರೀಮತಿಯವರು ಮದುವೆ ಮುಂಜಿಗಳಿಗೆ ಮಾತ್ರ ಒಂದೊಂದು ಹನಿ ಹಚ್ಚಿಕೊಂಡು, ಉಳಿದ ದಿನ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದರಂತೆ. ಆ ಕತ್ತಲೆಯೇ ಅದನ್ನು ಉಳಿಸಿದೆ. ಸುಗಂಧಕ್ಕೆ ಶತ್ರುಗಳು ಮೂರು: ಬೆಳಕು, ಶಾಖ, ಗಾಳಿಯಲ್ಲಿರುವ ಆಮ್ಲಜನಕ. ಕನ್ನಡಿಯ ಮುಂದೆ ಅಲಂಕಾರಕ್ಕೆ ಇಟ್ಟಿದ್ದರೆ ಇಷ್ಟು ಹೊತ್ತಿಗೆ ಅದು ಹುಳಿಗಟ್ಟಿದ ಎಣ್ಣೆಯಾಗುತ್ತಿತ್ತು. ಈಗ ಸೀಸೆಯ ಕಾಲು ಭಾಗ ಮಾತ್ರ ಉಳಿದಿದೆ.

ಝಾನ್ ಪಾತೂ ಮೂಲತಃ ಉಡುಪು ವಿನ್ಯಾಸಗಾರ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದಾಗ ಆತನ ಶ್ರೀಮಂತ ಗಿರಾಕಿಗಳಿಗೆ ಪ್ಯಾರಿಸ್ಸಿನ ಉಡುಪು ಕೊಳ್ಳುವ ಶಕ್ತಿ ಹೋಯಿತು. ಆತ ಅಗ್ಗದ ದಾರಿ ಹಿಡಿಯಲಿಲ್ಲ. ಆನ್ರಿ ಆಲ್ಮೆರಾ ಎಂಬ ಸುಗಂಧ ತಜ್ಞನ ಕೈಯಲ್ಲಿ 1930ರಲ್ಲಿ 'ಜಾಯ್' ಎಂಬ ಅತಿ ದುಬಾರಿ ಸುಗಂಧ ಮಾಡಿಸಿದ. ಅದರ 30 ಮಿಲಿಲೀಟರಿಗೆ 10,600 ಜಾಜಿ ಹೂವು, 28 ಡಜನ್ ಗುಲಾಬಿ ಬೇಕು ಎಂಬುದು ಕಂಪನಿಯ ಪ್ರಸಿದ್ಧ ಪ್ರಚಾರ. ಪ್ರಪಂಚದ ಅತ್ಯಂತ ದುಬಾರಿ ಸುಗಂಧ ಎಂದು ಅವರೇ ಜಾಹೀರಾತು ಕೊಟ್ಟುಕೊಂಡರು, ಅದು ಖರ್ಚೂ ಆಯಿತು! ಪಾತೂ 1936ರಲ್ಲಿ ತೀರಿಕೊಂಡ. 'ಸಾವಿರ'ವನ್ನು ಸಿದ್ಧಪಡಿಸಿದವರು, 1967ರಿಂದ ಆ ಸಂಸ್ಥೆಯ ಸುಗಂಧ ಶಿಲ್ಪಿಯಾಗಿದ್ದ ಝಾನ್ ಕೆರ್ಲಿಯೋ. ಮೊದಲ ಸೀಸೆಗಳನ್ನು ರೋಲ್ಸ್ ರಾಯ್ಸ್ ಕಾರಿನಲ್ಲಿಟ್ಟು ಪ್ಯಾರಿಸ್ಸಿನ ಗಣ್ಯರ ಮನೆಗಳಿಗೆ ತಲುಪಿಸಿದರೆಂಬ ಕಥೆಯೂ ಇದೆ. ಕಾರಿನ ಕಥೆ ಇರಲಿ, ನಮಗೆ ಬೇಕಾದದ್ದು ಸೀಸೆಯ ಒಳಗಿನದು.

ಹೊಳಲ್ಕೆರೆಯ ವೀಕ್ಷಕರಿಗಾಗಿ ಅದನ್ನು ಹೇಳಲು ಪ್ರಯತ್ನಿಸುತ್ತೇನೆ. ಪಟ್ಟಿಯನ್ನು ಅದ್ದಿದ ಕೂಡಲೇ ಮೂಗಿಗೆ ಬಡಿಯುವುದು ಹಸಿರು: ಎಳೆ ಎಲೆ ಹಿಸುಕಿದಂಥ, ಕಿತ್ತಳೆ ಸಿಪ್ಪೆ ಚಿಟಿಕೆ ಹೊಡೆದಂಥ ವಾಸನೆ. ಅದು ಹತ್ತು ನಿಮಿಷವೂ ನಿಲ್ಲುವುದಿಲ್ಲ. ಆಮೇಲೆ ಬರುವುದು ಆಸ್ಮಾಂತಸ್ ಎಂಬ ಚೀನಾದ ಹೂವಿನ ಪರಿಮಳ. ನಮ್ಮಲ್ಲಿ ಅದಕ್ಕೆ ಹೋಲಿಕೆ ಸಿಗುವುದು ಕಷ್ಟ. ಒಣಗಿದ ಜರ್ದಾಳು ಹಣ್ಣನ್ನು ಹೊಸ ಚರ್ಮದ ಚೀಲದಲ್ಲಿ ಕಟ್ಟಿಟ್ಟು, ಮಾರನೆಯ ದಿನ ಬಾಯಿ ಬಿಚ್ಚಿದರೆ ಹೇಗಿರಬಹುದೋ ಹಾಗೆ. ಅದರ ಬೆನ್ನಿಗೇ ಗುಲಾಬಿ ಮತ್ತು ಜಾಜಿ. ದಕ್ಷಿಣ ಫ್ರಾನ್ಸಿನ ಗ್ರಾಸ್ ಎಂಬ ಊರಿನಲ್ಲಿ ಸುಗಂಧಕ್ಕಾಗಿ ಬೆಳೆಯುವ ಹೂವು ನಮ್ಮ ಜಾಜಿಯ ಜಾತಿಯದೇ. ಎರಡು ಗಂಟೆ ಕಳೆದ ಮೇಲೆ ಹೂವುಗಳು ಹಿಂದೆ ಸರಿದು ನೆಲದ ವಾಸನೆ ಮೇಲೇಳುತ್ತದೆ. ಅದರಲ್ಲಿ ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವು ಇದೆ. ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವಿನ ದಾಯಾದಿ ಅದು, ಮಳೆ ನಿಂತ ಮೇಲೆ ಕೋಟೆಯ ಬತೇರಿಗಳ ಸಂದಿಯಲ್ಲಿ ಬರುವ ತಂಪು ವಾಸನೆಯನ್ನು ನೆನಪಿಸುತ್ತದೆ. ಪಚ್ಚೌಲಿ ಇದೆ, ಅಂದರೆ ಪಚ್ಚೆತೆನೆ. ಪುನುಗಿನ ನೆರಳೂ ಉಂಟು. ಇವೆಲ್ಲದರ ಅಡಿಯಲ್ಲಿ, ಯಾರನ್ನೂ ಮೀರಿಸಲು ಹೋಗದೆ, ಎಲ್ಲರನ್ನೂ ಹಿಡಿದು ಕೂರಿಸಿಕೊಂಡಿರುವುದು ಶ್ರೀಗಂಧ.

ಮಾರನೆಯ ದಿನ ಬೆಳಿಗ್ಗೆ ಕಚೇರಿಯಲ್ಲಿ ನಾನು ಪಟ್ಟಿಯನ್ನು ಮತ್ತೆ ಮೂಸಿದೆ. ಹೂವು ಹಣ್ಣು ಯಾವುದೂ ಇರಲಿಲ್ಲ. ಅಜ್ಜನ ಮನೆಯ ದೇವರ ಕೋಣೆ ಇತ್ತು. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಕೊರಡು ತೇಯುವಾಗ ಏಳುವ ವಾಸನೆ: ಹಾಲಿನ ಕೆನೆಯಂಥದು, ಸ್ವಲ್ಪ ಸಿಹಿ, ಕೊನೆಯಲ್ಲಿ ಒಂದಿಷ್ಟು ಒಗರು.

ಹೂವು ಮೊದಲು ಹೋಗಿ ಗಂಧ ಕೊನೆಗೆ ಉಳಿಯುವುದೇಕೆ? ಇದು ಕವಿಸಮಯವಲ್ಲ, ಅಣುಗಳ ತೂಕದ ಲೆಕ್ಕ. ವಾಸನೆ ಎಂದರೆ ವಸ್ತುವಿನಿಂದ ಹಾರಿಬಂದ ಅಣುಗಳು ಮೂಗಿನೊಳಗಿನ ಗ್ರಾಹಕ ಕೋಶಗಳನ್ನು ಮುಟ್ಟುವುದು. ಹಗುರವಾದ ಅಣು ಬೇಗ ಹಾರುತ್ತದೆ, ಭಾರವಾದದ್ದು ನಿಧಾನ. ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್‌ನ ಅಣುತೂಕ 136. ಶ್ರೀಗಂಧದ ಎಣ್ಣೆಯ ಪ್ರಧಾನ ಅಂಶವಾದ ಸ್ಯಾಂಟಲಾಲ್‌ನದು 220. ಅದರಲ್ಲಿ 15 ಇಂಗಾಲದ ಪರಮಾಣುಗಳಿವೆ, ಜೊತೆಗೆ ಅಕ್ಕಪಕ್ಕದ ಅಣುಗಳಿಗೆ ಅಂಟಿಕೊಳ್ಳಬಲ್ಲ ಒಂದು ಆಲ್ಕೊಹಾಲ್ ಗುಂಪು. ಹೀಗಾಗಿ ಅದು ತಾನು ನಿಧಾನವಾಗಿ ಆವಿಯಾಗುವುದಷ್ಟೇ ಅಲ್ಲ, ಜೊತೆಯಲ್ಲಿರುವ ಹಗುರ ಅಣುಗಳೂ ಓಡಿಹೋಗದಂತೆ ತಡೆಯುತ್ತದೆ. ಸುಗಂಧ ತಯಾರಿಸುವವರಿಗೆ ಶ್ರೀಗಂಧ ಬೇಕಾದದ್ದು ಅದರ ಪರಿಮಳಕ್ಕೆಷ್ಟೋ ಈ ಹಿಡಿದಿಡುವ ಗುಣಕ್ಕೂ ಅಷ್ಟೇ. ಸ್ಯಾಂಟಲಾಲ್‌ನಲ್ಲಿ ಆಲ್ಫಾ, ಬೀಟಾ ಎಂದು ಎರಡು ಮುಖ್ಯ ಬಗೆಗಳಿವೆ. ಅಂತಾರಾಷ್ಟ್ರೀಯ ಮಾನದಂಡದಂತೆ ಒಳ್ಳೆಯ ಎಣ್ಣೆಯಲ್ಲಿ ಆಲ್ಫಾ ಶೇಕಡ 41ರಿಂದ 55, ಬೀಟಾ 16ರಿಂದ 24 ಇರಬೇಕು. ಪ್ರಮಾಣದಲ್ಲಿ ಆಲ್ಫಾ ಹೆಚ್ಚು, ಆದರೆ ನಾವು 'ಗಂಧ' ಎಂದು ಗುರುತಿಸುವ ವಾಸನೆಗೆ ಬೀಟಾದ ಕೊಡುಗೆಯೇ ದೊಡ್ಡದು.

ಇನ್ನು ಹಿರಿಯೂರಿನ ಪ್ರಶ್ನೆಗೆ ಬರೋಣ. 'ಸಾವಿರ'ದ ಅಡಿಪಾಯದಲ್ಲಿದ್ದದ್ದು ಮೈಸೂರಿನ ಶ್ರೀಗಂಧ ಎಂಬುದು ಸುಗಂಧ ಬಲ್ಲವರೆಲ್ಲ ಹೇಳುವ ಮಾತು. ಪ್ಯಾರಿಸ್ಸಿನ ವ್ಯಾಪಾರಿಗೆ 'ಮೈಸೂರು' ಎಂದರೆ ಒಂದು ಊರಲ್ಲ, ಒಂದು ದರ್ಜೆ. ಹಳೆಯ ಮೈಸೂರು ಸಂಸ್ಥಾನದ ಯಾವ ಜಿಲ್ಲೆಯ ಕಾಡಿನಿಂದ ಬಂದರೂ ಆ ಮರ ಮೈಸೂರಿನದೇ. ಹೆಚ್ಚು ಮರ ಬರುತ್ತಿದ್ದದ್ದು ಮೈಸೂರು, ಹಾಸನ, ಶಿವಮೊಗ್ಗ, ಚಿಕ್ಕಮಗಳೂರು ಕಡೆಗಳಿಂದ. ಚಿತ್ರದುರ್ಗದ ಕುರುಚಲು ಗುಡ್ಡಗಳ ಪಾಲು ಸಣ್ಣದು. ಆದರೆ ಈ ಮರಕ್ಕೆ ಕಲ್ಲುನೆಲ, ಮಿತವಾದ ಮಳೆ ಒಗ್ಗುತ್ತದೆ. ಸೊಂಪಾದ ಮಣ್ಣಿನಲ್ಲಿ ಬೇಗ ದಪ್ಪಗಾದ ಮರಕ್ಕಿಂತ ಕಲ್ಲಿನ ನಡುವೆ ಕಷ್ಟಪಟ್ಟು ಬೆಳೆದದ್ದಕ್ಕೇ ಘಮ ಹೆಚ್ಚು ಎಂದು ಹಳಬರು ಹೇಳುತ್ತಿದ್ದರು. ಯಾವ ಗುಡ್ಡದ ಮರವೆಂದು ಎಣ್ಣೆಯ ಡಬ್ಬಿಯ ಮೇಲೆ ಯಾರೂ ಬರೆದಿರಲಿಲ್ಲ. ಆದ್ದರಿಂದ ಹಿರಿಯೂರಿನ ವೀಕ್ಷಕರಿಗೆ ನನ್ನ ಉತ್ತರ: ಮೇಷ್ಟ್ರ ಮಾತಿನಲ್ಲಿ ಅಭಿಮಾನ ಅರ್ಧ, ಸತ್ಯ ಅರ್ಧ.

ಆ ಎಣ್ಣೆ ನಮ್ಮಲ್ಲೇ ತಯಾರಾದದ್ದಕ್ಕೆ ಒಂದು ಯುದ್ಧ ಕಾರಣ. ಟಿಪ್ಪು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಒಡೆಯರ ಆಡಳಿತದಲ್ಲೂ ಮರ ಸರ್ಕಾರದ್ದೇ ಆಗಿ ಉಳಿಯಿತು. ಆದರೆ ಮೈಸೂರು ಮಾರುತ್ತಿದ್ದದ್ದು ಮರವನ್ನು. ಹರಾಜಿನಲ್ಲಿ ಹೋದ ಕೊರಡು ಹಡಗು ಹತ್ತಿ ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಕೊಳ್ಳುವವರಿಲ್ಲದೆ ಕೊರಡು ಕೋಠಿಗಳಲ್ಲೇ ಉಳಿಯಿತು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ, ಕೈಗಾರಿಕಾ ನಿರ್ದೇಶಕರು ಆಲ್‌ಫ್ರೆಡ್ ಚಾಟರ್ಟನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರ ನೆರವಿನಿಂದ 1916ರಲ್ಲಿ ಇಲ್ಲೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು, 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು. ನಮ್ಮೆಲ್ಲರ ಬಚ್ಚಲುಮನೆಯ ಮೈಸೂರು ಸ್ಯಾಂಡಲ್ ಸೋಪು 1918ರಿಂದ ಬಂದದ್ದೂ ಇದೇ ಎಣ್ಣೆಯ ಕೃಪೆಯಿಂದ.

ಎಣ್ಣೆ ತೆಗೆಯುವುದು ಕೇಳಲು ಸುಲಭ. ಮರದ ಹೊರಗಿನ ಬಿಳಿಯ ಭಾಗಕ್ಕೆ ವಾಸನೆ ಇಲ್ಲ. ಅದನ್ನು ಕೆತ್ತಿ ಹಾಕಿ, ಒಳಗಿನ ಕಂದು ಚೇಗನ್ನು ಪುಡಿ ಮಾಡಿ, ಹಂಡೆಯಲ್ಲಿ ತುಂಬಿ ಹಬೆ ಹಾಯಿಸಬೇಕು. ಹಬೆ ಎಣ್ಣೆಯನ್ನು ಹೊತ್ತು ಹೊರಬರುತ್ತದೆ. ತಣಿಸಿದರೆ ನೀರು, ಎಣ್ಣೆ ಬೇರೆಯಾಗುತ್ತವೆ. ಮಲ್ಲಿಗೆಯಂಥ ಹಗುರ ವಾಸನೆಯ ಕೆಲಸವಲ್ಲ ಇದು. ಭಾರದ ಸ್ಯಾಂಟಲಾಲ್ ಮೇಲೇಳಲು ಎರಡು ಮೂರು ದಿನ ಹಬೆ ಹಾಯುತ್ತಲೇ ಇರಬೇಕು. ಒಳ್ಳೆಯ ಚೇಗು ನೂರು ಕಿಲೋ ಹಾಕಿದರೆ ಸಿಗುವುದು ಸುಮಾರು ನಾಲ್ಕರಿಂದ ಆರು ಕಿಲೋ ಎಣ್ಣೆ. ಬೇರಿನಲ್ಲಿ ಎಣ್ಣೆ ಇನ್ನೂ ಹೆಚ್ಚು. ಆದ್ದರಿಂದಲೇ ಗಂಧದ ಮರವನ್ನು ಕಡಿಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಬುಡದಿಂದ ಮತ್ತೆ ಚಿಗುರುವ ಅವಕಾಶ ಅಲ್ಲಿಗೆ ಮುಗಿಯಿತು.

ಮರ ಮುಗಿದದ್ದಕ್ಕೆ ಇದೊಂದೇ ಕಾರಣವಲ್ಲ. ಸ್ಪೈಕ್ ಎಂಬ ರೋಗ 1899ರಲ್ಲಿ ಕೊಡಗಿನಲ್ಲಿ ಮೊದಲು ಕಾಣಿಸಿತು. ಎಲೆ ಸಣ್ಣದಾಗುತ್ತಾ ಹೋಗಿ ರೆಂಬೆಗಳು ಮುಳ್ಳಿನ ಕದಿರಿನಂತಾಗಿ ಮರ ಸಾಯುತ್ತದೆ. ಗಿಡದ ರಸ ಹೀರುವ ಜಿಗಿಹುಳುಗಳು ಹರಡುವ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಇಂದಿಗೂ ಖಚಿತವಾದ ಔಷಧವಿಲ್ಲ. ಕಳ್ಳಸಾಗಣೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಇವೆರಡಕ್ಕಿಂತ ಹೆಚ್ಚು ಹಾನಿ ಮಾಡಿದ್ದು, ನನ್ನ ಅಭಿಪ್ರಾಯದಲ್ಲಿ, ಕಾನೂನು. ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ ಸ್ವತ್ತು ಎಂದಿದ್ದರಿಂದ ರೈತನಿಗೆ ಅದು ಬೇಡದ ಅತಿಥಿಯಾಯಿತು. ಪಿಕಳಾರ ಹಕ್ಕಿಗಳು ಗಂಧದ ಹಣ್ಣು ತಿಂದು ಬೇಲಿಯ ಸಾಲಿನಲ್ಲಿ ಬೀಜ ಉದುರಿಸುತ್ತಿದ್ದವು. ಹೊಸದುರ್ಗದ ಕಡೆ ನಮ್ಮ ಅಜ್ಜ ಬದುವಿನಲ್ಲಿ ಆ ಸಸಿ ಕಂಡರೆ ಕಿತ್ತು ಬಿಸಾಡುತ್ತಿದ್ದರು. "ನಾಳೆ ಯಾರಾದರೂ ಕದ್ದರೆ ಉತ್ತರ ಕೊಡಬೇಕಾದವನು ನಾನು" ಎನ್ನುತ್ತಿದ್ದರು. ದಿನವೂ ಗಂಧ ತೇಯ್ದು ಪೂಜೆ ಮಾಡುತ್ತಿದ್ದ ಮನುಷ್ಯ! 1998ರ ಹೊತ್ತಿಗೆ ಈ ಮರ ಅಪಾಯದಂಚಿನ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿ ಸೇರಿತು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ ಮರ ಜಮೀನಿನ ಒಡೆಯನದೇ ಎಂದಿತು.

ಅಷ್ಟರಲ್ಲಿ ಸುಗಂಧದ ಲೋಕ ಬೇರೆ ದಾರಿ ಹುಡುಕಿಕೊಂಡಿತ್ತು. ಗೆರ್ಲಾಂ ಸಂಸ್ಥೆ 1989ರಲ್ಲಿ ತಂದ 'ಸಂಸಾರ' ಎಂಬ ಸುಗಂಧ (ಹೆಸರು ನಮ್ಮದೇ, ನೋಡಿ) ಗಂಧ ಮತ್ತು ಜಾಜಿಯ ಮೇಲೆಯೇ ನಿಂತದ್ದು. ಅದರಲ್ಲೂ ಸಹಜ ಎಣ್ಣೆಯ ಜೊತೆಗೆ ಪ್ರಯೋಗಾಲಯದ ಗಂಧ ಸೇರಿತ್ತು. ಸ್ಯಾಂಡಲೋರ್, ಪಾಲಿಸ್ಯಾಂಟಾಲ್, ಜಾವನಾಲ್ ಮುಂತಾದವು ಹೀಗೆ ಬಂದ ರಾಸಾಯನಿಕಗಳು. ಇವು ಸ್ಯಾಂಟಲಾಲ್ ಅಲ್ಲ, ಅದರಂತೆ ವಾಸನೆ ಕೊಡುವ ಬೇರೆ ಅಣುಗಳು. ಕೆಟ್ಟವೇನಲ್ಲ. ಆದರೆ ಸಹಜ ಎಣ್ಣೆಯಲ್ಲಿ ಸಣ್ಣ ಪ್ರಮಾಣದ ಎಷ್ಟೋ ಸಂಯುಕ್ತಗಳು ಸೇರಿ ಮಾಡುವ ಆ ಕೆನೆಯ ಗುಣ ಒಂದೇ ಅಣುವಿನಿಂದ ಬರುವುದಿಲ್ಲ. ತಂಬೂರಿಯ ನಾಲ್ಕು ತಂತಿಯ ಬದಲು ಒಂದನ್ನೇ ಮೀಟಿದ ಹಾಗೆ. ಈಚೆಗೆ, 2020ರ ಸುಮಾರಿಗೆ, ಸೂಕ್ಷ್ಮಜೀವಿಗಳಿಗೆ ಸಕ್ಕರೆ ತಿನ್ನಿಸಿ ನಿಜವಾದ ಸ್ಯಾಂಟಲಾಲನ್ನೇ ಮಾಡಿಸುವ ವಿಧಾನವೂ ಮಾರುಕಟ್ಟೆಗೆ ಬಂದಿದೆ. ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರಾ ಸುತ್ತ ನಮ್ಮ ಜಾತಿಯ ಮರವನ್ನೇ ನೆಟ್ಟು ತೋಪು ಮಾಡಿದ್ದಾರೆ.

'ಸಾವಿರ' ನಿಂತದ್ದು ಮಾತ್ರ ಗಂಧದ ಕೊರತೆಯಿಂದಲ್ಲ. ಅದರ ಸುಗಂಧ ವ್ಯವಹಾರ 2001ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ಗೆ, 2011ರಲ್ಲಿ ಬ್ರಿಟನ್ನಿನ ಇನ್ನೊಂದು ಕಂಪನಿಗೆ, 2018ರಲ್ಲಿ ಫ್ರಾನ್ಸಿನ ಎಲ್‌ವಿಎಂಎಚ್ ಸಮೂಹಕ್ಕೆ ಹೋಯಿತು. ಕೊನೆಯವರಿಗೆ ಬೇಕಿದ್ದದ್ದು ಪಾತೂವಿನ ಉಡುಪಿನ ಹೆಸರು. 'ಜಾಯ್' ಎಂಬ ಹೆಸರು ಅದೇ ಸಮೂಹದ ಡಿಯೋರ್ ಸಂಸ್ಥೆಯ ಬೇರೊಂದು ಸುಗಂಧಕ್ಕೆ ಅಂಟಿಕೊಂಡಿತು. ಹಳೆಯ ಪಾತೂ ಸುಗಂಧಗಳ ತಯಾರಿಕೆ ನಿಂತಿತು, ಅವುಗಳೊಡನೆ 'ಸಾವಿರ'ವೂ. ಚಿತ್ರದುರ್ಗದ ವಿದ್ಯಾರ್ಥಿನಿಗೆ ಹೇಳಬೇಕಾದದ್ದು ಇಷ್ಟು: ಅಂಗಡಿಯಲ್ಲಿ ಸಿಗುವುದಿಲ್ಲ, ಹಳೆಯ ಸೀಸೆ ಎಂದು ಯಾರಾದರೂ ಮಾರಿದರೆ ಒಳಗಿರುವುದು ಅದೇ ಎಂಬ ಭರವಸೆಯಿಲ್ಲ. ಕಂಪನಿ ಮನಸ್ಸು ಮಾಡಿದರೂ ಹಿಂದಿನಂತೆ ಮಾಡುವುದು ಸುಲಭವಲ್ಲ. ಓಕ್ ಕಲ್ಲುಹೂವಿನಲ್ಲಿರುವ ಅಟ್ರನಾಲ್ ಎಂಬ ಅಂಶ ಕೆಲವರ ಚರ್ಮಕ್ಕೆ ಅಲರ್ಜಿ ತರುವುದರಿಂದ 2017ರಲ್ಲಿ ಯೂರೋಪ್ ಅದನ್ನು ನಿಷೇಧಿಸಿತು. ಗಂಧದ ಕಥೆ ಆಗಲೇ ಹೇಳಿದೆ.

ಇದನ್ನೆಲ್ಲ ಮೊದಲೇ ಊಹಿಸಿದವರಂತೆ ಝಾನ್ ಕೆರ್ಲಿಯೋ 1990ರಲ್ಲಿ ಕೆಲವು ಜೊತೆಗಾರರೊಡನೆ ವರ್ಸೇಲ್ಸ್ ನಗರದಲ್ಲಿ ಓಸ್ಮೊತೆಕ್ ಎಂಬ ಸಂಸ್ಥೆ ಕಟ್ಟಿದರು. ಅದು ವಾಸನೆಗಳ ಗ್ರಂಥಭಂಡಾರ. ತಯಾರಿಕೆ ನಿಂತ ಸುಗಂಧಗಳನ್ನು ಹಳೆಯ ಸೂತ್ರದಂತೆ ಮತ್ತೆ ಬೆರೆಸಿ, 12 ಡಿಗ್ರಿ ಸೆಲ್ಷಿಯಸ್ ತಂಪಿನಲ್ಲಿ, ಕತ್ತಲೆಯಲ್ಲಿ, ಆಮ್ಲಜನಕ ಸೋಕದಂತೆ ಆರ್ಗಾನ್ ಅನಿಲ ತುಂಬಿ ಇಡುತ್ತಾರೆ. ಅಲ್ಲಿಗೆ ಹೋದವರು ಕಾಗದದ ಪಟ್ಟಿಯ ಮೇಲೆ ಮೂಸಬಹುದು, ಕೊಳ್ಳುವಂತಿಲ್ಲ. ಮೇಷ್ಟ್ರ ಶ್ರೀಮತಿಯವರ ಬೀರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ, ಆರ್ಗಾನ್ ಒಂದಿರಲಿಲ್ಲ.

ಕಾರ್ಯಕ್ರಮದ ನಂತರ ಮೇಷ್ಟ್ರನ್ನು ಕೇಳಿ, ಅದ್ದಿದ ಒಂದು ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೊಸದುರ್ಗದ ಕಡೆ ನಮ್ಮ ಚಿಕ್ಕಪ್ಪನ ತೋಟಕ್ಕೆ ಹೋದೆ. ಅಜ್ಜ ಸಸಿ ಕಿತ್ತ ಅದೇ ಬದುವಿನಲ್ಲಿ ಚಿಕ್ಕಪ್ಪ 2009ರಲ್ಲಿ ನಲವತ್ತು ಗಂಧದ ಸಸಿ ನೆಟ್ಟಿದ್ದಾರೆ. ಗಂಧ ಅರೆಪರಾವಲಂಬಿ, ಬೇರಿನ ತುದಿಯಿಂದ ಪಕ್ಕದ ಗಿಡದ ಬೇರನ್ನು ಹಿಡಿದು ನೀರು, ಲವಣ ಹೀರುತ್ತದೆ. ಅದಕ್ಕಾಗಿ ಮೊದಲು ತೊಗರಿ, ಆಮೇಲೆ ಹೊಂಗೆ, ನೆಲ್ಲಿ ಜೊತೆಗೆ ಹಾಕಿದ್ದರು. ಮರಗಳು ಚೆನ್ನಾಗಿ ಬಂದಿವೆ. ಆದರೆ ಚೇಗು ಕಟ್ಟಲು ಶುರುವಾಗುವುದೇ ಹತ್ತು ಹನ್ನೆರಡು ವರ್ಷಕ್ಕೆ. ಅದು ಎಣ್ಣೆ ತುಂಬಿ ಮಾಗಲು ಮೂವತ್ತು ವರ್ಷವಾದರೂ ಬೇಕು. ಪಾತೂವಿನ ಸೀಸೆಗೆ ಹೋದದ್ದು ಅಂಥ ಹಳೆಯ ಮರಗಳ ಎಣ್ಣೆ.

ಕಳೆದ ವರ್ಷ ಒಂದು ರಾತ್ರಿ ಯಾರೋ ಎರಡು ಮರಗಳಿಗೆ ಬೈರಿಗೆ ಹಾಕಿ ನೋಡಿ ಹೋಗಿದ್ದರು. ವಾರದ ನಂತರ ಬಂದು ಗರಗಸದಿಂದ ಕೊಯ್ದರು. ಬುಡ ತೊಡೆಯಷ್ಟು ದಪ್ಪ, ಒಳಗೆ ಚೇಗು ಹೆಬ್ಬೆರಳಿನಷ್ಟೇ. ಕಳ್ಳರು ಒಂದನ್ನು ಹೊತ್ತು, ಇನ್ನೊಂದನ್ನು ಅಲ್ಲೇ ಬಿಟ್ಟು ಹೋದರು. "ಅವರಿಗೂ ಸಿಗಲಿಲ್ಲ, ನನಗೂ ಉಳಿಯಲಿಲ್ಲ ನೋಡಪ್ಪ" ಎಂದರು ಚಿಕ್ಕಪ್ಪ. ಅವರಿಗೀಗ ಎಪ್ಪತ್ತೊಂದು. ಉಳಿದ ಮೂವತ್ತೆಂಟಕ್ಕೆ ಬೇಲಿ, ದೀಪ, ಎರಡು ನಾಯಿ. ಈಗಲೇ ಮಾರಿಬಿಡು ಎನ್ನುವವರು ಕೆಲವರು, ಮಗನ ಕಾಲಕ್ಕೆ ಬಿಡು ಎನ್ನುವವರು ಕೆಲವರು. ಮಗ ಬೆಂಗಳೂರಿನಲ್ಲಿದ್ದಾನೆ, ರಾತ್ರಿ ಬಂದು ಕಾಯುವವನಲ್ಲ.

ಬಿಟ್ಟುಹೋದ ಮರದ ಚೇಗಿನ ತುಂಡೊಂದನ್ನು ಚಿಕ್ಕಮ್ಮ ಸಾಣೆಕಲ್ಲಿನ ಮೇಲೆ ತೇಯ್ದರು. ವಾಸನೆ ಬಂತು, ತೆಳುವಾಗಿ, ಹಸಿ ಮರದ ವಾಸನೆಯೇ ಮುಂದಾಗಿ. ಆಮೇಲೆ ನಾನು ಚೀಲ ಬಿಚ್ಚಿ ಪಟ್ಟಿ ಕೊಟ್ಟೆ. ಚಿಕ್ಕಪ್ಪ ಬಹಳ ಹೊತ್ತು ಮೂಸಿದರು. "ಇದು ಯಾವ ಕಾಲದ ಮರ?" ಎಂದರು. 1972ಕ್ಕೂ ಮೂವತ್ತು ನಲವತ್ತು ವರ್ಷ ಹಿಂದೆ ಹುಟ್ಟಿದ್ದಿರಬೇಕು ಎಂದೆ. ಅವರು ಬೆರಳು ಮಡಿಸಿ ಏನೋ ಲೆಕ್ಕ ಹಾಕಿ, ಪಟ್ಟಿಯನ್ನು ಪಂಚಾಂಗದ ಹಾಳೆಗಳ ನಡುವೆ ಇಟ್ಟುಕೊಂಡರು.

ಮೂರು ವಾರದ ನಂತರ ಫೋನು ಮಾಡಿ ಕೇಳಿದೆ. "ಇನ್ನೂ ಇದೆ ಕಣಪ್ಪ" ಎಂದರು. "ಹೂವಿನದೆಲ್ಲ ಹೋಗಿದೆ. ಗಂಧ ಇದೆ."